ಕೋಟೆಯಿಂದ ನೇರ ತೆಂಕಣಕ್ಕೆ: ದಕ್ಷಿಣ ಧ್ರುವಪ್ರಭೆ ನೋಡಲು ಹೊರಡುವ ಮುನ್ನ

ಅಟ್ಲಾಸ್ ತೆರೆದು ಕಲಬುರಗಿಯನ್ನು ಹುಡುಕಿ. ಬಹಮನಿ ಸುಲ್ತಾನರ ಕೋಟೆ ಇರುವ ಜಾಗದ ಮೇಲೆ ಪೆನ್ಸಿಲ್ಲಿನ ಮೊನೆ ಇಡಿ. ಅದು ಪೂರ್ವ ರೇಖಾಂಶ 76 ಡಿಗ್ರಿ 50 ಮಿನಿಟ್. ಅಲ್ಲಿಂದ ಆಚೀಚೆ ವಾಲದೆ ನೇರ ದಕ್ಷಿಣಕ್ಕೆ ಒಂದು ಗೆರೆ ಎಳೆಯುತ್ತ ಹೋಗಿ. ಸುರಪುರ, ಸಿಂಧನೂರು, ಬಳ್ಳಾರಿ, ಸಿರಾ, ಮಂಡ್ಯಗಳ ಮಗ್ಗುಲಲ್ಲಿ ಹಾದು, ನೀಲಗಿರಿಯನ್ನು ದಾಟಿ, ಕೇರಳದ ತಿರುವನಂತಪುರದ ಹತ್ತಿರ ಗೆರೆ ಕಡಲಿಗೆ ಇಳಿಯುತ್ತದೆ. ಅಲ್ಲಿಂದ ಮುಂದೆ ಸುಮಾರು 8,600 ಕಿಲೋಮೀಟರ್ ಬರೀ ನೀರು. ಒಂದು ದ್ವೀಪವೂ ಅಡ್ಡ ಬರುವುದಿಲ್ಲ. ಮತ್ತೆ ನೆಲ ಸಿಗುವುದು ಅಂಟಾರ್ಕ್ಟಿಕದ ದಂಡೆಯಲ್ಲಿ. ಆ ದಂಡೆಯಲ್ಲಿ, ನಮ್ಮ ಗೆರೆಯಿಂದ ಇಪ್ಪತ್ತೈದು ಕಿಲೋಮೀಟರಿನಷ್ಟು ಪಕ್ಕಕ್ಕೆ, ಲಾರ್ಸ್‌ಮನ್ ಬೆಟ್ಟಸಾಲಿನ ಬಂಡೆಗಳ ಮೇಲೆ ಭಾರತದ ಧ್ವಜ ಹಾರುತ್ತಿದೆ. ಅದೇ 2012ರಲ್ಲಿ ಕೆಲಸ ಆರಂಭಿಸಿದ ನಮ್ಮ 'ಭಾರತಿ' ಸಂಶೋಧನಾ ಕೇಂದ್ರ.

ಕಲಬುರಗಿಯಲ್ಲಿ ಸೂರ್ಯ ನೆತ್ತಿಯ ರೇಖೆಗೆ ಬಂದಾಗ ಭಾರತಿಯಲ್ಲಿಯೂ ನಡುಹಗಲು. ನಮ್ಮ ನಡುರಾತ್ರಿಯೇ ಅವರ ನಡುರಾತ್ರಿ. ಆದರೆ ಆ ನಡುರಾತ್ರಿಯ ಆಕಾಶ ಮಾತ್ರ ಬೇರೆ. ಚಳಿಗಾಲದಲ್ಲಿ ಅಲ್ಲಿ ಉಳಿದವರ ತಲೆಯ ಮೇಲೆ ಹಸಿರು ಬಣ್ಣದ ಪರದೆಗಳು ಗಾಳಿಗೆ ಅಲುಗಿದಂತೆ ಅಲುಗುತ್ತವೆ. ಇದೇ ದಕ್ಷಿಣ ಧ್ರುವಪ್ರಭೆ. ನಮ್ಮ ಹಳೆಯ ವಿಜ್ಞಾನ ಲೇಖಕರು ಇದನ್ನು ಕುಮೇರು ಜ್ಯೋತಿ ಎಂದೂ ಕರೆದಿದ್ದಾರೆ.

2024ರ ಮೇ 10ರ ರಾತ್ರಿಯ ನಂತರ ಈ ಬೆಳಕಿನ ಬಗ್ಗೆ ಮಕ್ಕಳು ಕೇಳುವ ಪ್ರಶ್ನೆಗಳು ಹೆಚ್ಚಾಗಿವೆ. ಅಂದು ಬಸವ ಜಯಂತಿ. ಎರಡು ದಶಕಗಳಲ್ಲೇ ಅತಿ ಪ್ರಬಲವಾದ ಭೂಕಾಂತ ಬಿರುಗಾಳಿ ಆ ರಾತ್ರಿ ಎದ್ದಿತು. ಆಸ್ಟ್ರೇಲಿಯ, ನ್ಯೂಜಿಲೆಂಡುಗಳಲ್ಲಿರುವ ನಮ್ಮವರು ಕೆಂಪು, ನೇರಳೆ ಆಕಾಶದ ಚಿತ್ರಗಳನ್ನು ಊರಿಗೆ ಕಳಿಸಿದರು. 'ನಾವೂ ಹೋಗಿ ನೋಡಬಹುದೆ?' ಎಂದು ಮಕ್ಕಳು ಕೇಳುತ್ತಾರೆ. 'ಎಷ್ಟು ಖರ್ಚಾದೀತು? ಹೋದರೆ ಖಂಡಿತ ಕಾಣುತ್ತದೆಯೆ?' ಎಂದು ಪಾಲಕರು ಕೇಳುತ್ತಾರೆ. ಎರಡೂ ನ್ಯಾಯವಾದ ಪ್ರಶ್ನೆಗಳೇ. ಉತ್ತರ ತಿಳಿಯಬೇಕಾದರೆ ಮೊದಲು ಬೆಳಕಿನ ಹುಟ್ಟನ್ನು ತಿಳಿಯಬೇಕು.

ಬೆಳಕು ಎಲ್ಲಿಂದ ಬರುತ್ತದೆ?

ಸೂರ್ಯ ಬೆಳಕನ್ನಷ್ಟೇ ಕೊಡುವುದಿಲ್ಲ. ವಿದ್ಯುದಾವೇಶ ಹೊತ್ತ ಸೂಕ್ಷ್ಮ ಕಣಗಳನ್ನು ಎಲ್ಲ ದಿಕ್ಕಿಗೂ ಸತತವಾಗಿ ತೂರುತ್ತಿರುತ್ತದೆ. ಇದು ಸೌರಮಾರುತ. ಸಾಧಾರಣ ದಿನಗಳಲ್ಲಿ ಇದರ ವೇಗ ಸೆಕೆಂಡಿಗೆ ಸುಮಾರು 400 ಕಿಲೋಮೀಟರ್. ಸೂರ್ಯನ ಮೇಲೆ ದೊಡ್ಡ ಕಲೆಗಳಿದ್ದಾಗ ಒಮ್ಮೊಮ್ಮೆ ಕೋಟಿಗಟ್ಟಲೆ ಟನ್ ತೂಕದ ಕಣಗಳ ಮೋಡವೇ ಸಿಡಿದು ಹೊರಬರುತ್ತದೆ.

ಭೂಮಿ ಒಂದು ದೊಡ್ಡ ಅಯಸ್ಕಾಂತ. ಅದರ ಕಾಂತಕ್ಷೇತ್ರ ಈ ಮಾರುತವನ್ನು ತಡೆದು ಪಕ್ಕಕ್ಕೆ ತಳ್ಳುತ್ತದೆ. ಹರಿಯುವ ಹಳ್ಳದ ನಡುವೆ ಕಲ್ಲಿದ್ದರೆ ನೀರು ಅದನ್ನು ಬಳಸಿ ಹೋಗಿ ಹಿಂಬದಿಯಲ್ಲಿ ಉದ್ದನೆಯ ಬಾಲ ಮೂಡಿಸುವುದಿಲ್ಲವೆ? ಹಾಗೆಯೇ ಭೂಮಿಯ ಕಾಂತಕ್ಷೇತ್ರಕ್ಕೂ ರಾತ್ರಿಯ ಬದಿಯಲ್ಲಿ ಉದ್ದನೆಯ ಬಾಲವಿದೆ. ಸೌರಮಾರುತದ ಶಕ್ತಿ ಅಲ್ಲಿ ಶೇಖರಗೊಂಡು, ಒಂದು ಮಿತಿ ಮೀರಿದಾಗ ಎಲೆಕ್ಟ್ರಾನುಗಳನ್ನು ಭೂಮಿಯ ಕಡೆಗೆ ತಳ್ಳುತ್ತದೆ. ಅವು ಕಾಂತರೇಖೆಗಳನ್ನು ಹಿಡಿದು ಧ್ರುವಗಳ ಸುತ್ತಲಿನ ಎರಡು ಉಂಗುರಗಳಲ್ಲಿ ಕೆಳಗಿಳಿದು ಗಾಳಿಯ ಅಣುಗಳಿಗೆ ಡಿಕ್ಕಿ ಹೊಡೆಯುತ್ತವೆ. ಪೆಟ್ಟು ತಿಂದ ಅನಿಲ ಬೆಳಗುತ್ತದೆ. ಅಂಗಡಿಯ ಬೋರ್ಡಿನ ನಿಯಾನ್ ದೀಪದಲ್ಲಿ ನಡೆಯುವುದೂ ಹೆಚ್ಚು ಕಡಿಮೆ ಇದೇ. ನೂರರಿಂದ ನೂರೈವತ್ತು ಕಿಲೋಮೀಟರ್ ಎತ್ತರದಲ್ಲಿ ಆಮ್ಲಜನಕ ಹಸಿರಾಗಿ, ಇನ್ನೂರು ಕಿಲೋಮೀಟರಿನ ಮೇಲೆ ಅದೇ ಆಮ್ಲಜನಕ ಕೆಂಪಾಗಿ ಹೊಳೆಯುತ್ತದೆ. ನೀಲಿ, ನೇರಳೆ ಸಾರಜನಕದ ಕೊಡುಗೆ.

ಬ್ರಿಟಿಷ್ ನಾವಿಕ ಜೇಮ್ಸ್ ಕುಕ್ 1773ರ ಫೆಬ್ರುವರಿಯಲ್ಲಿ ಹಿಂದೂ ಮಹಾಸಾಗರದ ದಕ್ಷಿಣ ತುದಿಯಲ್ಲಿ ಸಾಗುತ್ತಿದ್ದಾಗ ಈ ಬೆಳಕನ್ನು ಕಂಡು ತನ್ನ ದಿನಚರಿಯಲ್ಲಿ ಬರೆದಿಟ್ಟ. ಉತ್ತರದ ಪ್ರಭೆಯನ್ನು ಯುರೋಪಿನವರು ಬಲ್ಲವರಾಗಿದ್ದರು. ದಕ್ಷಿಣದಲ್ಲಿಯೂ ಅಂಥದೇ ಒಂದು ಇದೆ ಎಂಬುದು ಅವರಿಗೆ ಹೊಸ ಸುದ್ದಿಯಾಗಿತ್ತು.

ನಮ್ಮ ಊರಿಗೆ ಏಕಿಲ್ಲ?

ಮೊದಲು ಎಳೆದ ಗೆರೆಗೆ ಮತ್ತೆ ಬನ್ನಿ. ಅದು ಭಾರತವನ್ನು ಬಿಟ್ಟು ಕಡಲಿಗಿಳಿಯುವ ಜಾಗದ ಮಗ್ಗುಲಲ್ಲೇ 'ತುಂಬಾ' ಎಂಬ ಮೀನುಗಾರರ ಹಳ್ಳಿ ಇದೆ. 1963ರ ನವೆಂಬರ್ 21ರಂದು ನಮ್ಮ ನೆಲದಿಂದ ಮೊದಲ ಸಂಶೋಧನಾ ರಾಕೆಟ್ ಹಾರಿದ್ದು ಅಲ್ಲಿಂದ. ಆ ಹಳ್ಳಿಯನ್ನೇ ಆರಿಸಲು ಕಾರಣವಿತ್ತು. ಭೂಮಿಯ ಕಾಂತೀಯ ಮಧ್ಯರೇಖೆ ಅದರ ಹತ್ತಿರವೇ ಹಾದುಹೋಗಿತ್ತು. ಅಂದರೆ ಕಾಂತಕ್ಷೇತ್ರದ ಲೆಕ್ಕದಲ್ಲಿ ನಾವು ದಕ್ಷಿಣ ಭಾರತದವರು ಎರಡೂ ಧ್ರುವಗಳಿಗೆ ಬಲು ದೂರದವರು. ನಮ್ಮ ಮೇಲಿನ ಕಾಂತರೇಖೆಗಳು ಹೆಚ್ಚು ಕಡಿಮೆ ಅಡ್ಡ ಮಲಗಿವೆ. ಮೇಲಿನಿಂದ ಕಣಗಳನ್ನು ಇಳಿಸಿಕೊಡುವ ಏಣಿ ನಮಗಿಲ್ಲ.

ಹಾಗಿದ್ದೂ ಬಿರುಗಾಳಿ ಅತಿಯಾದಾಗ ಪ್ರಭೆಯ ಉಂಗುರ ಹಿಗ್ಗಿ ಮಧ್ಯರೇಖೆಯ ಕಡೆಗೆ ಸರಿಯುತ್ತದೆ. 1859ರ ಸೆಪ್ಟೆಂಬರ್ ಮೊದಲ ದಿನಗಳ ಮಹಾ ಬಿರುಗಾಳಿಯಲ್ಲಿ ಮುಂಬಯಿಯ ಕೊಲಾಬಾ ವೀಕ್ಷಣಾಲಯದ ಕಾಂತಮಾಪಕ ದಾಖಲಿಸಿದ ಏರಿಳಿತವನ್ನು ವಿಜ್ಞಾನಿಗಳು ಇಂದಿಗೂ ಅಭ್ಯಾಸ ಮಾಡುತ್ತಾರೆ. 1872ರ ಫೆಬ್ರುವರಿ 4ರ ರಾತ್ರಿ ಮುಂಬಯಿಯಲ್ಲಿ ಪ್ರಭೆ ಕಂಡಿತೆಂಬ ವರದಿ ಇದೆ. ಮುಂಬಯಿ ನಮಗಿಂತ ಎರಡು ಡಿಗ್ರಿಯಷ್ಟೂ ಉತ್ತರಕ್ಕಿಲ್ಲ! 2024ರ ಮೇ ತಿಂಗಳ ಆ ರಾತ್ರಿ ಲಡಾಖಿನ ಹಾನ್ಲೆಯಲ್ಲಿ ಬಾನಂಚು ಕೆಂಪಾಯಿತು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ 4,500 ಮೀಟರ್ ಎತ್ತರದ ಹಾನ್ಲೆಯಲ್ಲಿ ನಡೆಸುವ ವೀಕ್ಷಣಾಲಯದ ಕ್ಯಾಮರಾಗಳು ಅದನ್ನು ಸೆರೆಹಿಡಿದವು.

ಆದರೆ ಇಂಥ ರಾತ್ರಿಗಳು ಅಪರೂಪ. ಅದಕ್ಕಾಗಿ ಮನೆಯ ಮಾಳಿಗೆಯ ಮೇಲೆ ಕಾದು ಕುಳಿತರೆ ಆಯುಷ್ಯ ಸಾಲದು. ಬೆಳಕಿರುವಲ್ಲಿಗೆ ನಾವೇ ಹೋಗಬೇಕು.

ದಕ್ಷಿಣಕ್ಕೆ ಹೋದರೆ ಸಾಕೆ?

ಇಲ್ಲಿ ಬಹಳ ಜನ ಎಡವುತ್ತಾರೆ. ನಕಾಶೆಯಲ್ಲಿ ಅತಿ ದಕ್ಷಿಣದ ಊರು ಯಾವುದೆಂದು ನೋಡಿ ಟಿಕೆಟ್ ತೆಗೆದರೆ ಕೆಲಸ ಕೆಟ್ಟಿತು. ಅರ್ಜೆಂಟೀನದ ಉಷುಆಯಾ ಪಟ್ಟಣ 54 ಡಿಗ್ರಿ 48 ಮಿನಿಟ್ ದಕ್ಷಿಣದಲ್ಲಿದೆ. ಆಸ್ಟ್ರೇಲಿಯದ ಟಾಸ್ಮೇನಿಯ ದ್ವೀಪದ ರಾಜಧಾನಿ ಹೋಬಾರ್ಟ್ ಇರುವುದು 43 ಡಿಗ್ರಿಯ ಹತ್ತಿರ. ಯಾವುದು ಮೇಲು? ಹೋಬಾರ್ಟೇ ಮೇಲು. ಏಕೆಂದರೆ ಪ್ರಭೆಯ ಉಂಗುರ ಭೂಮಿಯ ಭೌಗೋಳಿಕ ಧ್ರುವದ ಸುತ್ತ ಅಲ್ಲ, ಕಾಂತೀಯ ಧ್ರುವದ ಸುತ್ತ ಇರುತ್ತದೆ. ಆ ಧ್ರುವ ಆಸ್ಟ್ರೇಲಿಯದ ಕಡೆಗೆ ವಾಲಿದೆ. ಆದ್ದರಿಂದ ಟಾಸ್ಮೇನಿಯ ಮತ್ತು ನ್ಯೂಜಿಲೆಂಡಿನ ದಕ್ಷಿಣ ದ್ವೀಪಗಳೇ ಸಾಮಾನ್ಯ ಪ್ರವಾಸಿಗೆ ಎಟುಕುವ ಉತ್ತಮ ತಾಣಗಳು.

ಅಲ್ಲಿಯೂ ಊರೊಳಗೆ ನಿಂತರೆ ಆಗದು, ದಕ್ಷಿಣಕ್ಕೆ ಮುಖ ಮಾಡಿದ ನಿರ್ಜನ ಕಡಲತೀರವೇ ಬೇಕು. ಏಕೆ? ಇದಕ್ಕೆ ಹತ್ತನೇ ತರಗತಿಯ ಪೈಥಾಗೊರಸ್ ಸಾಕು. ಭೂಮಿಯ ತ್ರಿಜ್ಯ 6,371 ಕಿಲೋಮೀಟರ್. ನೆಲದಿಂದ 250 ಕಿಲೋಮೀಟರ್ ಎತ್ತರದಲ್ಲಿ ಬೆಳಗುವ ಕೆಂಪು ಪ್ರಭೆ ಎಷ್ಟು ದೂರದವರೆಗೆ ಕಾಣಬಹುದು? ಎರಡು ಪಟ್ಟು ತ್ರಿಜ್ಯವನ್ನು ಎತ್ತರದಿಂದ ಗುಣಿಸಿ ವರ್ಗಮೂಲ ತೆಗೆಯಿರಿ. ಸುಮಾರು 1,800 ಕಿಲೋಮೀಟರ್ ಬರುತ್ತದೆ. ಆದರೆ ಅಷ್ಟು ದೂರದ್ದು ಬಾನಂಚಿಗೆ ಅಂಟಿಕೊಂಡಂತೆ ಕಾಣುತ್ತದೆ. ಒಂದು ಗುಡ್ಡ, ಒಂದು ಮರದ ಸಾಲು, ಒಂದು ಬೀದಿ ದೀಪ ಸಾಕು ಅದನ್ನು ಮರೆಮಾಡಲು. ದಕ್ಷಿಣಕ್ಕೆ ಬರೀ ಕಡಲಿದ್ದರೆ ಅಲ್ಲಿ ಗುಡ್ಡವೂ ಇಲ್ಲ, ದೀಪವೂ ಇಲ್ಲ.

ಟಾಸ್ಮೇನಿಯದಲ್ಲಿ ಹೋಬಾರ್ಟಿಗೆ ಹತ್ತಿರದ ಸೌತ್ ಆರ್ಮ್ ಭೂಶಿರ, ಕೆಟರಿಂಗ್ ಎಂಬಲ್ಲಿಂದ ದೋಣಿಯಲ್ಲಿ ಸೇರುವ ಬ್ರೂನಿ ದ್ವೀಪ, ಆಸ್ಟ್ರೇಲಿಯದ ರಸ್ತೆಗಳೆಲ್ಲ ಮುಗಿಯುವ ದಕ್ಷಿಣ ತುದಿಯಾದ ಕಾಕಲ್ ಕ್ರೀಕ್ ಹೆಸರಾಂತ ಜಾಗಗಳು. ನ್ಯೂಜಿಲೆಂಡಿನಲ್ಲಿ ಇನ್ವರ್‌ಕಾರ್ಗಿಲ್ ಪಟ್ಟಣ, ಅದರ ಬಳಿಯ ಬ್ಲಫ್ ಬಂದರು, ಕ್ಯಾಟ್ಲಿನ್ಸ್ ಕರಾವಳಿ. ಬ್ಲಫ್‌ನಿಂದ ದೋಣಿ ಹಿಡಿದರೆ ಸ್ಟೀವರ್ಟ್ ದ್ವೀಪ. ಅಲ್ಲಿನ ಮೂಲನಿವಾಸಿ ಮಾವೊರಿ ಜನ ಆ ದ್ವೀಪವನ್ನು 'ರಾಕಿಯೂರಾ' ಎನ್ನುತ್ತಾರೆ. 'ಹೊಳೆಯುವ ಆಕಾಶ' ಎಂದು ಆ ಹೆಸರಿಗೆ ಅರ್ಥ ಹೇಳುವುದುಂಟು. ಅಮಾವಾಸ್ಯೆಯ ಕತ್ತಲು ಕೆಡದಂತೆ ಕಾಪಾಡಿದ್ದಕ್ಕಾಗಿ 2019ರಲ್ಲಿ ಆ ದ್ವೀಪಕ್ಕೆ 'ಕತ್ತಲ ಆಕಾಶದ ಅಭಯಧಾಮ' ಎಂಬ ಅಂತರರಾಷ್ಟ್ರೀಯ ಮನ್ನಣೆ ಸಿಕ್ಕಿತು.

ಪಂಚಾಂಗ ತೆಗೆಯಿರಿ

ಯಾವಾಗ ಹೋಗಬೇಕು? ಮೂರು ಸಂಗತಿ ನೆನಪಿಡಿ. ಒಂದು, ಕತ್ತಲು. ದಕ್ಷಿಣಾರ್ಧಗೋಳದಲ್ಲಿ ನಮ್ಮ ಚಳಿಗಾಲವೇ ಬೇಸಿಗೆ. ಡಿಸೆಂಬರ್, ಜನವರಿಯಲ್ಲಿ ಅಲ್ಲಿ ರಾತ್ರಿ ತೀರ ಚಿಕ್ಕದು. ಎರಡು, ಚಂದ್ರ. ಹುಣ್ಣಿಮೆಯ ಬೆಳಕಿನಲ್ಲಿ ಮಂದ ಪ್ರಭೆ ತೊಳೆದುಹೋಗುತ್ತದೆ. ಮೂರು, ವಿಷುವ. ಮಾರ್ಚ್ ಮತ್ತು ಸೆಪ್ಟೆಂಬರ್ ತಿಂಗಳುಗಳ ಆಸುಪಾಸಿನಲ್ಲಿ, ಅಂದರೆ ಹಗಲು ರಾತ್ರಿ ಸಮನಾಗುವ ದಿನಗಳ ಸುತ್ತ, ಭೂಮಿಯ ಕಾಂತಕ್ಷೇತ್ರ ಸೌರಮಾರುತಕ್ಕೆ ಹೆಚ್ಚು ಸುಲಭವಾಗಿ ಬಾಗಿಲು ತೆರೆಯುತ್ತದೆ. ಭೂಕಾಂತ ಬಿರುಗಾಳಿಗಳು ಆಗ ಹೆಚ್ಚೆಂಬುದು ದೀರ್ಘಕಾಲದ ದಾಖಲೆಗಳಿಂದ ತಿಳಿದ ಸಂಗತಿ.

ಈ ಮೂರನ್ನೂ ಕೂಡಿಸಿದರೆ ನಮ್ಮ ಮನೆಯ ಪಂಚಾಂಗದಲ್ಲೇ ಉತ್ತರವಿದೆ. ವಿಷುವಗಳ ಸಮೀಪ ಬರುವ ಎರಡು ಅಮಾವಾಸ್ಯೆಗಳು ಯಾವುವು? ಒಂದು ಯುಗಾದಿ ಅಮಾವಾಸ್ಯೆ, ಇನ್ನೊಂದು ಮಹಾಲಯ ಅಮಾವಾಸ್ಯೆ. ಯುಗಾದಿಯ ಹೊತ್ತು ಮಕ್ಕಳಿಗೆ ಪರೀಕ್ಷೆಯ ಕಾಲ. ಮಹಾಲಯದ ಮರುದಿನವೇ ನವರಾತ್ರಿ, ಶಾಲೆಗಳಿಗೆ ದಸರಾ ರಜೆ ಬರುವುದೂ ಅದರ ಆಸುಪಾಸಿನಲ್ಲೇ. ಅಮಾವಾಸ್ಯೆಗೆ ಎರಡು ಮೂರು ದಿನ ಮೊದಲು ಅಲ್ಲಿ ಇಳಿದು, ನವರಾತ್ರಿಯ ನಾಲ್ಕನೆಯ ಐದನೆಯ ದಿನದವರೆಗೆ ಉಳಿದರೆ ಕತ್ತಲ ರಾತ್ರಿಗಳು ಏಳೆಂಟು ಸಿಗುತ್ತವೆ. ಬಿದಿಗೆ ತದಿಗೆಯ ಎಳೆಚಂದ್ರ ಸಂಜೆಯಲ್ಲೇ ಮುಳುಗಿಬಿಡುತ್ತಾನೆ.

ಎರಡೇ ರಾತ್ರಿಗೆಂದು ಹೋಗಬೇಡಿ. ಟಾಸ್ಮೇನಿಯದ ದಕ್ಷಿಣ ಕರಾವಳಿ ಗಾಳಿ ಮೋಡಗಳ ನಾಡು. ಮೇಲೆ ಎಂಥ ಜಾತ್ರೆ ನಡೆದರೂ ನಡುವೆ ಮೋಡದ ಚಪ್ಪರ ಇದ್ದರೆ ಏನೂ ಕಾಣದು. ಕನಿಷ್ಠ ಐದು ರಾತ್ರಿಯಾದರೂ ಕೈಯಲ್ಲಿರಲಿ.

ಸೂರ್ಯನಿಗೂ ಒಂದು ಪಂಚಾಂಗ

ಸೌರಕಲೆಗಳು ಸುಮಾರು ಹನ್ನೊಂದು ವರ್ಷಕ್ಕೊಮ್ಮೆ ಹೆಚ್ಚಿ ಮತ್ತೆ ಇಳಿಯುತ್ತವೆ. ಈಗಿನ ಆವರ್ತ, ಎಣಿಕೆಯಲ್ಲಿ 25ನೆಯದು, 2019ರ ಡಿಸೆಂಬರಿನಲ್ಲಿ ಆರಂಭವಾಗಿ 2024ರಲ್ಲಿ ಶಿಖರ ಮುಟ್ಟಿತು. ಇಳಿಯುವ ವರ್ಷಗಳಲ್ಲಿಯೂ ಬಿರುಗಾಳಿಗಳು ನಿಲ್ಲುವುದಿಲ್ಲ. ಮುಂದಿನ ಶಿಖರವನ್ನು 2035ರ ಆಸುಪಾಸಿನಲ್ಲಿ ನಿರೀಕ್ಷಿಸಬಹುದು. ಇಂದು ಪ್ರಾಥಮಿಕ ಶಾಲೆಯಲ್ಲಿರುವ ಮಕ್ಕಳು ಅಷ್ಟರಲ್ಲಿ ಕಾಲೇಜಿನ ಮಕ್ಕಳಾಗಿರುತ್ತಾರೆ.

ಇನ್ನು ದಿನದಿನದ ಮುನ್ಸೂಚನೆ. ಸೂರ್ಯನಿಂದ ಸಿಡಿದ ಮೋಡ ಭೂಮಿಗೆ ತಲುಪಲು ಸಾಮಾನ್ಯವಾಗಿ ಒಂದರಿಂದ ಮೂರು ದಿನ ಬೇಕು. ಅದು ಹೊರಟಿದೆ ಎಂಬ ಸುದ್ದಿ ಬೇಗ ಸಿಗುತ್ತದೆ. ಆದರೆ ಅದರೊಳಗಿನ ಕಾಂತಕ್ಷೇತ್ರ ಯಾವ ದಿಕ್ಕಿಗಿದೆ ಎಂಬುದೇ ಮುಖ್ಯ. ದಕ್ಷಿಣಕ್ಕೆ ತಿರುಗಿದ್ದರೆ ಭೂಮಿಯ ಕಾಂತಕ್ಷೇತ್ರದೊಡನೆ ಬೆಸೆದುಕೊಂಡು ಬಿರುಗಾಳಿ ಎಬ್ಬಿಸುತ್ತದೆ. ಉತ್ತರಕ್ಕಿದ್ದರೆ ಹೆಚ್ಚಿನಂಶ ಸುಮ್ಮನೆ ಹಾದುಹೋಗುತ್ತದೆ. ಇದು ಖಚಿತವಾಗಿ ತಿಳಿಯುವುದು ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದ ಎಲ್1 ಎಂಬ ಬಿಂದುವಿನಲ್ಲಿರುವ ನೌಕೆಗಳಿಂದ. ಭಾರತದ ಆದಿತ್ಯ-ಎಲ್1 ನೌಕೆ 2023ರ ಸೆಪ್ಟೆಂಬರ್ 2ರಂದು ಶ್ರೀಹರಿಕೋಟೆಯಿಂದ ಹೊರಟು 2024ರ ಜನವರಿ 6ರಂದು ಸೇರಿದ್ದು ಅಲ್ಲಿಗೇ. ಅದರ ಪ್ರಧಾನ ಉಪಕರಣವನ್ನು ರೂಪಿಸಿದ್ದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ.

ಒಂದು ಸಣ್ಣ ಲೆಕ್ಕ: 15 ಲಕ್ಷ ಕಿಲೋಮೀಟರನ್ನು ಸೆಕೆಂಡಿಗೆ 400 ಕಿಲೋಮೀಟರಿನಿಂದ ಭಾಗಿಸಿ. 3,750 ಸೆಕೆಂಡು, ಅಂದರೆ ಒಂದು ಗಂಟೆಯಷ್ಟು. ವೇಗ ಎರಡು ಪಟ್ಟಾದರೆ ಅರ್ಧ ಗಂಟೆ. ನಿಮಗೆ ಸಿಗುವ ಖಚಿತ ಮುನ್ಸೂಚನೆ ಇಷ್ಟೇ! ಬೀಸುವುದು ತಿಳಿದ ಮೇಲೆ ಕಲಬುರಗಿಯಿಂದ ಹೊರಡುತ್ತೇನೆ ಎಂದರೆ ನಡೆಯದು. ಹೋಗಿ ಕಡಲತೀರದ ಹತ್ತಿರ ಬಿಡಾರ ಮಾಡಿಕೊಂಡು, ಅರ್ಧ ಗಂಟೆಯಲ್ಲಿ ದಂಡೆಗೆ ತಲುಪುವಂತೆ ಇರಬೇಕು. ಭೂಕಾಂತ ಚಟುವಟಿಕೆಯನ್ನು 'ಕೆಪಿ' ಎಂಬ ಸೂಚ್ಯಂಕದಲ್ಲಿ 0ಯಿಂದ 9ರವರೆಗೆ ಅಳೆಯುತ್ತಾರೆ. ಟಾಸ್ಮೇನಿಯದ ಮಟ್ಟಿಗೆ 5 ದಾಟಿದರೆ ಆಸೆ ಇಟ್ಟುಕೊಳ್ಳಬಹುದು, 7 ದಾಟಿದರೆ ನಿದ್ದೆ ಬಿಟ್ಟು ಓಡಬೇಕು.

ಕಣ್ಣು ಬೇರೆ, ಕ್ಯಾಮರಾ ಬೇರೆ

ಫೋನಿನಲ್ಲಿ ಬಂದ ಚಿತ್ರ ನೋಡಿ ಹೊರಟವರಿಗೆ ಈ ಮಾತು ಮೊದಲೇ ತಿಳಿದಿರಬೇಕು. ನಮ್ಮ ಕಣ್ಣಿನಲ್ಲಿ ಬಣ್ಣ ಗುರುತಿಸುವ ಕೋಶಗಳಿಗೆ ಸಾಕಷ್ಟು ಬೆಳಕು ಬೇಕು. ಮಂದ ಬೆಳಕಿನಲ್ಲಿ ಕೆಲಸ ಮಾಡುವ ಕೋಶಗಳಿಗೆ ಬಣ್ಣ ತಿಳಿಯದು. ಆದ್ದರಿಂದ ಸಾಧಾರಣ ಪ್ರಭೆ ಕಣ್ಣಿಗೆ ಬೂದು ಬಣ್ಣದ ತೆಳು ಮೋಡದಂತೆ, ಅಲ್ಲಲ್ಲಿ ಲಂಬವಾದ ಗೆರೆಗಳಂತೆ ಕಾಣುತ್ತದೆ. ಕ್ಯಾಮರಾ ಹತ್ತು ಸೆಕೆಂಡು ಬೆಳಕನ್ನು ಕೂಡಿಸಿಕೊಂಡು ಅದೇ ಮೋಡವನ್ನು ಗುಲಾಬಿ, ಹಸಿರು ಮಾಡಿ ತೋರಿಸುತ್ತದೆ. ಚಿತ್ರ ಸುಳ್ಳಲ್ಲ, ಆ ಬಣ್ಣ ನಿಜವಾಗಿಯೂ ಅಲ್ಲಿದೆ. ಆದರೆ ಕಣ್ಣು ಅದನ್ನು ಹಾಗೆ ಕಾಣದು. 2024ರ ಮೇ 10ರಂಥ ರಾತ್ರಿ ಮಾತ್ರ ಬರಿಗಣ್ಣಿಗೂ ಬಣ್ಣ ಎದ್ದು ತೋರುತ್ತದೆ.

ಕಣ್ಣು ಕತ್ತಲಿಗೆ ಹೊಂದಲು ಇಪ್ಪತ್ತು ಮೂವತ್ತು ನಿಮಿಷ ಬೇಕು. ನಡುವೆ ಒಮ್ಮೆ ಫೋನಿನ ಪರದೆ ನೋಡಿದರೆ ಎಲ್ಲ ಮತ್ತೆ ಮೊದಲಿನಿಂದ. ಟಾರ್ಚಿಗೆ ಕೆಂಪು ಗಾಜುಕಾಗದ ಸುತ್ತಿಕೊಳ್ಳಿ. ಬಾನಂಚಿನಲ್ಲಿ ಮೋಡದಂಥದು ಕಂಡು ಅನುಮಾನ ಬಂದರೆ ಕ್ಯಾಮರಾವನ್ನು ಅದರತ್ತ ಹಿಡಿದು ಒಂದು ಚಿತ್ರ ತೆಗೆಯಿರಿ. ಹಸಿರೋ ಕೆಂಪೋ ಬಂದರೆ ಪ್ರಭೆ, ಬರದಿದ್ದರೆ ಮೋಡ.

ಪಾಲಕರಿಗೆ ಎರಡು ಮಾತು

ಬೆಂಗಳೂರು ಅಥವಾ ಹೈದರಾಬಾದಿಗೆ ರೈಲು, ಅಲ್ಲಿಂದ ಸಿಂಗಪುರದಂಥ ಕಡೆ ವಿಮಾನ ಬದಲಿಸಿ ಮೆಲ್ಬರ್ನ್, ಮತ್ತೆ ಹೋಬಾರ್ಟ್. ವೀಸಾ, ವಿಮೆ, ವಸತಿ, ಬಾಡಿಗೆ ಕಾರು ಸೇರಿದರೆ ಒಂದು ಕುಟುಂಬಕ್ಕೆ ಇದು ಲಕ್ಷಗಳ ಮಾತು. ಇಷ್ಟು ಖರ್ಚು ಮಾಡಿ ಹೋದರೂ ಪ್ರಭೆ ಕಾಣದೆ ಬರುವ ಸಾಧ್ಯತೆ ಇದ್ದೇ ಇದೆ. 'ಗ್ಯಾರಂಟಿ ತೋರಿಸುತ್ತೇವೆ' ಎನ್ನುವವರನ್ನು ನಂಬಬೇಡಿ. ಸೂರ್ಯನ ಪರವಾಗಿ ಕರಾರು ಬರೆದುಕೊಡುವ ಅಧಿಕಾರ ಯಾರಿಗೂ ಇಲ್ಲ.

ಆದ್ದರಿಂದ ಈ ಬೆಳಕಿಗಾಗಿ ಸಾಲ ಮಾಡಬೇಡಿ, ಹೊಲ ಮನೆ ಒತ್ತೆ ಇಡಬೇಡಿ. ಮೆಲ್ಬರ್ನ್, ಸಿಡ್ನಿ, ಆಕ್ಲೆಂಡುಗಳಲ್ಲಿ ಕನ್ನಡ ಸಂಘಗಳೇ ಇವೆ, ನಮ್ಮ ಕಡೆಯ ಮನೆತನಗಳೂ ಇವೆ. ಮಗನನ್ನೋ ಮಗಳನ್ನೋ ನೋಡಲು ಹೇಗೂ ಹೋಗುವವರು ದಿನಗಳನ್ನು ಅಮಾವಾಸ್ಯೆಗೆ ಹೊಂದಿಸಿಕೊಂಡರೆ ಸಾಕು. ಮೆಲ್ಬರ್ನಿನ ದಕ್ಷಿಣಕ್ಕಿರುವ ಕೇಪ್ ಶಾಂಕ್‌ನಂಥ ಕಡಲತೀರಗಳಿಂದಲೂ ದೊಡ್ಡ ಬಿರುಗಾಳಿಯ ರಾತ್ರಿಗಳಲ್ಲಿ ಪ್ರಭೆ ಕಾಣುತ್ತದೆ.

ಪ್ರಭೆ ಕಾಣದಿದ್ದರೂ ಪ್ರವಾಸ ಹಾಳಾಗದಂತೆ ಯೋಜಿಸಿ. ಹೋಬಾರ್ಟಿನಲ್ಲಿ ಅಂಟಾರ್ಕ್ಟಿಕ ಅನ್ವೇಷಕ ಡಗ್ಲಸ್ ಮಾಸನ್ನನ ಗುಡಿಸಿಲಿನ ಪ್ರತಿಕೃತಿ ಇರುವ ವಸ್ತುಸಂಗ್ರಹಾಲಯವಿದೆ. ರಾತ್ರಿ ಮೋಡವಿಲ್ಲದಿದ್ದರೆ ಸಾಕು, ನಮ್ಮ ಊರಿನಿಂದ ಕಾಣಲಾಗದ ಮೆಗಲನ್ ಮೋಡಗಳೆಂಬ ಎರಡು ನೆರೆಯ ಗೆಲಾಕ್ಸಿಗಳು ಬರಿಗಣ್ಣಿಗೆ ಕಾಣುತ್ತವೆ. ಅವಕ್ಕೆ ಬಿರುಗಾಳಿ ಬೇಕಿಲ್ಲ.

ಹಣದಿಂದಲ್ಲ, ವಿದ್ಯೆಯಿಂದ ಹೋಗುವ ದಾರಿ

ಲಕ್ಷಗಳಿಲ್ಲದವರು ಏನು ಮಾಡಬೇಕು? ಅವರಿಗಾಗಿಯೇ ಕೋಟೆಯಿಂದ ಎಳೆದ ಆ ಗೆರೆ.

ಅಂಟಾರ್ಕ್ಟಿಕಕ್ಕೆ ಹೋಗುವ ಪ್ರವಾಸಿ ಹಡಗುಗಳು ಬೇಸಿಗೆಯಲ್ಲಿ ಹೋಗುತ್ತವೆ. ಆಗ ಅಲ್ಲಿ ಕತ್ತಲೇ ಇಲ್ಲ. ಸಿರಿವಂತ ಪ್ರವಾಸಿಗೂ ಅಲ್ಲಿ ಪ್ರಭೆ ದುರ್ಲಭ. ಅದನ್ನು ತಿಂಗಳುಗಟ್ಟಲೆ ನೋಡುವ ಭಾಗ್ಯ ಇರುವುದು ಚಳಿಗಾಲವಿಡೀ ಕೇಂದ್ರದಲ್ಲಿ ಉಳಿಯುವ ತಂಡಕ್ಕೆ. ಭಾರತಿಯಲ್ಲಿ ಮೇ ಕೊನೆಯಿಂದ ಜುಲೈ ನಡುವಿನವರೆಗೆ ಸೂರ್ಯ ಹುಟ್ಟುವುದೇ ಇಲ್ಲ.

ಭಾರತದ ಮೊದಲ ಅಂಟಾರ್ಕ್ಟಿಕ ಯಾತ್ರೆ 1981ರ ಡಿಸೆಂಬರಿನಲ್ಲಿ ಡಾ. ಎಸ್. ಝಡ್. ಕಾಸಿಂ ಅವರ ನೇತೃತ್ವದಲ್ಲಿ ಗೋವೆಯಿಂದ ಹೊರಟಿತು. ಮೊದಲ ಕೇಂದ್ರ ದಕ್ಷಿಣ ಗಂಗೋತ್ರಿ, ಆಮೇಲೆ 1989ರಲ್ಲಿ ಮೈತ್ರಿ, ಮೂರನೆಯದು ಭಾರತಿ. ಭಾರತಿಯ ಕಟ್ಟಡವನ್ನು ಸರಕು ಸಾಗಿಸುವ 134 ಕಂಟೇನರುಗಳನ್ನು ಜೋಡಿಸಿ ಕಟ್ಟಿದ್ದಾರೆ. ಗೋವೆಯಲ್ಲಿರುವ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರ ಈ ಯಾತ್ರೆಗಳನ್ನು ನಡೆಸುತ್ತದೆ. ಮೈತ್ರಿ ಪ್ರಭೆಯ ಉಂಗುರದ ಅಂಚಿನಲ್ಲಿದ್ದರೆ ಭಾರತಿ ಅದರ ಒಳಮಗ್ಗುಲಲ್ಲಿದೆ. ಎರಡೂ ಕಡೆ ನವಿ ಮುಂಬಯಿಯ ಭಾರತೀಯ ಭೂಕಾಂತ ಸಂಸ್ಥೆಯವರು ಕಾಂತಕ್ಷೇತ್ರವನ್ನು ಅಳೆಯುತ್ತಾರೆ.

ಅಲ್ಲಿಗೆ ಹೋಗುವವರೆಲ್ಲ ದೊಡ್ಡ ವಿಜ್ಞಾನಿಗಳೇ ಎಂದುಕೊಳ್ಳಬೇಡಿ. ಮೈನಸ್ ಡಿಗ್ರಿಯಲ್ಲಿ ಜನರೇಟರ್ ನಿಲ್ಲದಂತೆ ನೋಡಿಕೊಳ್ಳುವ ಮೆಕ್ಯಾನಿಕ್ ಬೇಕು. ಎಲೆಕ್ಟ್ರಿಷಿಯನ್, ವೆಲ್ಡರ್, ಬಡಗಿ, ಕ್ರೇನ್ ನಡೆಸುವವರು, ನಿಸ್ತಂತು ಸಂಪರ್ಕದವರು, ವೈದ್ಯರು, ದಾದಿಯರು, ಅಡುಗೆಯವರು ಬೇಕು. ಈ ಕೆಲಸಗಳಿಗೆ ಗೋವೆಯ ಕೇಂದ್ರ ಜಾಹೀರಾತು ಕೊಟ್ಟು ಆಯ್ಕೆ ಮಾಡುತ್ತದೆ. ಆರೋಗ್ಯ ತಪಾಸಣೆ ಕಟ್ಟುನಿಟ್ಟು, ಹಿಮಾಲಯದ ಔಲಿಯಲ್ಲಿ ಹಿಮದ ತರಬೇತಿಯೂ ಇರುತ್ತದೆ. ಐಟಿಐ ಓದುವ ಕಮಲಾಪುರದ ಹುಡುಗನಿಗೂ ಪ್ರಭೆಯ ಕೆಳಗೆ ನಿಲ್ಲುವ ಅರ್ಹತೆ ಸಂಪಾದಿಸುವ ದಾರಿ ತೆರೆದಿದೆ.

ವಯಸ್ಸಿನ ಮಾತು ಬಂದರೆ ಇಸ್ರೋದ ಮಂಗಳಾ ಮಣಿ ಅವರನ್ನು ನೆನೆಯಿರಿ. ಉಪಗ್ರಹಗಳ ಮಾಹಿತಿ ಇಳಿಸಿಕೊಳ್ಳುವ ಕೆಲಸಕ್ಕಾಗಿ 2016ರ ನವೆಂಬರಿನಲ್ಲಿ ಭಾರತಿಗೆ ಹೋದ ಅವರು ಅಲ್ಲಿ 403 ದಿನ ಉಳಿದರು. ಚಳಿಗಾಲದ ಆ ತಂಡದಲ್ಲಿ ಅವರೊಬ್ಬರೇ ಮಹಿಳೆ. ಮರಳಿದಾಗ ಅವರಿಗೆ ಐವತ್ತಾರು ವರ್ಷ. ಹೆಣ್ಣುಮಕ್ಕಳನ್ನು ದೂರದ ಕಾಲೇಜಿಗೆ ಕಳಿಸಲು ಹಿಂದೆ ಮುಂದೆ ನೋಡುವ ಪಾಲಕರು ಈ ಸಂಗತಿಯನ್ನು ಒಮ್ಮೆ ಮನಸ್ಸಿಗೆ ತಂದುಕೊಳ್ಳುವುದು ಒಳ್ಳೆಯದು.

ತಾಲೀಮು ಇಲ್ಲಿಂದಲೇ

ಯಾವ ದಾರಿ ಹಿಡಿದರೂ ಅಭ್ಯಾಸವನ್ನು ಊರಿನಲ್ಲೇ ಆರಂಭಿಸಬಹುದು. ನಗರದ ದೀಪಗಳಿಂದ ದೂರವಾಗಿ ಕಮಲಾಪುರದ ಕಡೆಯ ಹೊಲಗಳಿಗೆ ದೊಡ್ಡವರ ಜೊತೆ ಹೋಗಿ. ಕೆಂಪು ಬಾಳೆಗೆ ಹೆಸರಾದ ಆ ಸೀಮೆಯಲ್ಲಿ ದಕ್ಷಿಣದ ಬಾನಂಚು ಬಯಲಾಗಿ ಕಾಣುವ ಜಾಗ ಆರಿಸಿ. ಏಪ್ರಿಲ್ ಕೊನೆಯಲ್ಲಿ ರಾತ್ರಿ ಹತ್ತರ ಸುಮಾರಿಗೆ, ಮೇ ನಡುವಿನಲ್ಲಿ ಒಂಬತ್ತರ ಸುಮಾರಿಗೆ, ಬಾನಂಚಿನ ಸ್ವಲ್ಪ ಮೇಲೆ ಶಿಲುಬೆಯಾಕಾರದ ನಾಲ್ಕು ನಕ್ಷತ್ರಗಳನ್ನು ಹುಡುಕಿ. ಅದೇ ತ್ರಿಶಂಕು. ಕೈ ಚಾಚಿ ಮುಷ್ಟಿ ಹಿಡಿದರೆ ಹತ್ತು ಡಿಗ್ರಿ. ನಮ್ಮಲ್ಲಿ ತ್ರಿಶಂಕು ಅದಕ್ಕಿಂತ ತುಸುವೇ ಮೇಲೇರುತ್ತದೆ. ಹೋಬಾರ್ಟಿನಲ್ಲಿ ಅದು ಮುಳುಗುವುದೇ ಇಲ್ಲ. ಬಾನಂಚಿಗೆ ಹತ್ತಿರದ ಮಂದ ಬೆಳಕನ್ನು ಹುಡುಕುವ ಕಣ್ಣು ಹೀಗೆಯೇ ಪಳಗಬೇಕು.

ಒಂದು ಹೊಲಿಗೆ ಸೂಜಿಯ ನಡುವಿಗೆ ದಾರ ಕಟ್ಟಿ ಸಮತೂಕವಾಗಿ ತೂಗುಬಿಡಿ. ಆಮೇಲೆ ಅಯಸ್ಕಾಂತದಿಂದ ಉಜ್ಜಿ ಮತ್ತೆ ತೂಗುಬಿಡಿ. ಅದು ಉತ್ತರ ದಕ್ಷಿಣವಾಗಿ ನಿಲ್ಲುವುದಷ್ಟೇ ಅಲ್ಲ, ಉತ್ತರದ ತುದಿ ತುಸು ಕೆಳಗೆ ವಾಲುತ್ತದೆ. ಇದೇ ಸೂಜಿಯನ್ನು ಹೋಬಾರ್ಟಿಗೆ ಒಯ್ದರೆ ದಕ್ಷಿಣದ ತುದಿ ಎಪ್ಪತ್ತು ಡಿಗ್ರಿಗೂ ಹೆಚ್ಚು ಕೆಳಗೆ ಬಾಗಿ ನಿಲ್ಲುತ್ತದೆ. ಪ್ರಭೆ ಅಲ್ಲೇಕೆ, ಇಲ್ಲೇಕಿಲ್ಲ ಎಂಬುದಕ್ಕೆ ಒಂದು ಸೂಜಿ ಕೊಡುವ ಉತ್ತರ ಇದು.

ಸೂರ್ಯನ ಕಲೆಗಳನ್ನೂ ಎಣಿಸಬಹುದು. ಸೂರ್ಯನನ್ನು ನೇರವಾಗಿ ನೋಡಲೇಬಾರದು. ಬೈನಾಕ್ಯುಲರಿಗಂತೂ ಕಣ್ಣಿಡಲೇಬಾರದು. ಚಿಕ್ಕ ಕನ್ನಡಿಗೆ ಕಾಗದ ಅಂಟಿಸಿ ಅರ್ಧ ಸೆಂಟಿಮೀಟರ್ ತೂತು ಮಾಡಿ, ಬಿಸಿಲನ್ನು ಇಪ್ಪತ್ತು ಮೀಟರ್ ದೂರದ ಕತ್ತಲ ಕೋಣೆಯ ಗೋಡೆಗೆ ಬಿಡಿ. ಗೇಣಗಲದ ಸೂರ್ಯಬಿಂಬ ಮೂಡುತ್ತದೆ. ದೊಡ್ಡ ಕಲೆಗಳಿದ್ದರೆ ಅದರಲ್ಲಿ ಕಾಣುತ್ತವೆ. ದಿನವೂ ನೋಡಿ ಬರೆದಿಡಿ, ಸೂರ್ಯ ಸುಮಾರು 27 ದಿನಕ್ಕೊಮ್ಮೆ ತನ್ನನ್ನು ತಾನು ಸುತ್ತುವುದು ನಿಮಗೇ ತಿಳಿಯುತ್ತದೆ. ಕೊಡೈಕೆನಾಲಿನ ಸೌರ ವೀಕ್ಷಣಾಲಯದಲ್ಲಿ ನೂರು ವರ್ಷಗಳಿಂದಲೂ ಮಾಡುತ್ತ ಬಂದಿರುವುದು ಹೆಚ್ಚು ಕಡಿಮೆ ಇದೇ ಕೆಲಸವನ್ನು. ಸಂಶಯ ಬಂದರೆ ನಮ್ಮ ಜಿಲ್ಲಾ ವಿಜ್ಞಾನ ಕೇಂದ್ರ ಇದ್ದೇ ಇದೆ, ನಿಮ್ಮ ಶಾಲೆಯ ವಿಜ್ಞಾನದ ಮೇಷ್ಟ್ರೂ ಇದ್ದಾರೆ.

ಜಾಗ, ತಿಥಿ, ಕತ್ತಲು ಈ ಮೂರನ್ನು ಮನೆಯಲ್ಲಿ ಕುಳಿತೇ ನಿಶ್ಚಯಿಸಬಹುದು. ನಾಲ್ಕನೆಯದು ಸೂರ್ಯನ ಕೈಯಲ್ಲಿದೆ. ಆ ಮೂರನ್ನು ಸರಿಯಾಗಿ ಹೊಂದಿಸಿಕೊಂಡವರಿಗೆ ನಾಲ್ಕನೆಯದಕ್ಕಾಗಿ ಕಾಯುವುದು ಭಾರವಾಗದು.

ಹೊರಡುವವರ ಪಟ್ಟಿ

• ಪಾಸ್‌ಪೋರ್ಟ್, ವೀಸಾಗಳಿಗೆ ತಿಂಗಳುಗಳ ಮೊದಲೇ ಅರ್ಜಿ ಹಾಕಿ. ತಿಥಿಯನ್ನು ಅಮಾವಾಸ್ಯೆ ನೋಡಿ ಗೊತ್ತುಮಾಡಿ.

• ಗಾಳಿ ತಡೆಯುವ ಕೋಟು, ಉಣ್ಣೆಯ ಟೊಪ್ಪಿಗೆ, ಕೈಗವಸು, ದಪ್ಪ ಕಾಲುಚೀಲ. ಕಡಲತೀರದಲ್ಲಿ ತಾಸುಗಟ್ಟಲೆ ನಿಲ್ಲುವಾಗ ಚಳಿಗಿಂತ ಗಾಳಿ ಹೆಚ್ಚು ಕಾಡುತ್ತದೆ.

• ಮುಕ್ಕಾಲಿ ಸ್ಟ್ಯಾಂಡ್, ಹೆಚ್ಚುವರಿ ಬ್ಯಾಟರಿ. ಕ್ಯಾಮರಾದಲ್ಲಿ ಐದರಿಂದ ಹದಿನೈದು ಸೆಕೆಂಡಿನ ಎಕ್ಸ್‌ಪೋಷರ್, ಐಎಸ್ಒ 1600ರಿಂದ 3200. ಫೋನಿನಲ್ಲಾದರೆ ರಾತ್ರಿ ಚಿತ್ರದ ವ್ಯವಸ್ಥೆ.

• ಜೋಳದ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡರೆ ವಿಮಾನ ನಿಲ್ದಾಣದ ಚೀಟಿಯಲ್ಲಿ ಬರೆದು ತೋರಿಸಲೇಬೇಕು. ಆಸ್ಟ್ರೇಲಿಯ, ನ್ಯೂಜಿಲೆಂಡುಗಳಲ್ಲಿ ಆಹಾರ ಪದಾರ್ಥ ಮುಚ್ಚಿಟ್ಟರೆ ಭಾರಿ ದಂಡ. ಹಣ್ಣು, ಕಾಳು, ಬೀಜ ಒಯ್ಯದಿರುವುದೇ ಲೇಸು.

• ಎರಡೂ ದೇಶಗಳಲ್ಲಿ ವಾಹನ ನಮ್ಮಂತೆ ಎಡಬದಿಗೇ. ಆದರೆ ಟಾಸ್ಮೇನಿಯದಲ್ಲಿ ರಾತ್ರಿ ರಸ್ತೆಗೆ ಕಾಡುಪ್ರಾಣಿಗಳು ಅಡ್ಡ ಬರುತ್ತವೆ, ನಿಧಾನವೇ ಮೇಲು.

• ನಿಲ್ಲುವ ಜಾಗವನ್ನು ಹಗಲಿನಲ್ಲೇ ನೋಡಿಬನ್ನಿ. ಬಂಡೆ, ಅಲೆ, ಉಬ್ಬರಗಳ ಅರಿವಿಲ್ಲದೆ ಕತ್ತಲಲ್ಲಿ ನೀರಿನಂಚಿಗೆ ಹೋಗಬೇಡಿ.